ಅಪ್ಪ ಹಾಕಿದ ಸಾಕೆಟ್

ಕಾದ ರಾಳದ ವಾಸನೆ ನಿಮ್ಮಲ್ಲಿ ಎಷ್ಟು ಜನರಿಗೆ ಪರಿಚಯವಿದೆಯೋ ಕಾಣೆ. ಊದುಬತ್ತಿಯದಲ್ಲ, ಸಾಂಬ್ರಾಣಿಯದೂ ಅಲ್ಲ, ಆದರೆ ಎರಡಕ್ಕೂ ದೂರದ ನೆಂಟ ಅನ್ನಬಹುದು. ಮೂಗಿಗೆ ಮೊದಲು ಸಿಹಿಯಾಗಿ ತಾಗಿ, ಗಂಟಲಿಗೆ ಇಳಿಯುವಷ್ಟರಲ್ಲಿ ಒಗರಾಗುತ್ತದೆ. ಕಳೆದ ತಿಂಗಳು ಚಂದ್ರಾ ಲೇಔಟಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಕೆಟ್ಟು ನಿಂತಿತು. ನೋಡಲು ಬಂದ ಮೆಕ್ಯಾನಿಕ್, ವಾಚ್‌ಮನ್ನನ ಫ್ಯಾನಿನ ಪ್ಲಗ್ ಕಿತ್ತು ಅಲ್ಲಿಗೆ ತನ್ನ ಸಾಲ್ಡರಿಂಗ್ ಐರನ್ ಸಿಕ್ಕಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಲಿಫ್ಟಿನ ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಏನೋ ಬೆಸೆಯುತ್ತಿದ್ದ. ಸೊಪ್ಪಿನ ಚೀಲ ಹಿಡಿದು ಒಳಗೆ ಬಂದ ನನಗೆ ಬೆಸುಗೆಯ ತಂತಿಯೊಳಗಿನ ರಾಳದ ಹೊಗೆ ಮುಖಕ್ಕೇ ಬಂತು. ಇನ್ಯಾರಿಗಾದರೂ ಆ ವಾಸನೆಗೆ ತೀರಿಹೋದ ಅಪ್ಪ ನೆನಪಾಗಿ ಕಣ್ಣು ತುಂಬುತ್ತಿತ್ತೇನೋ. ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ಅಪ್ಪ ಆಮೇಲೆ ಬಂದರು. ನನ್ನ ವಿಷಯದಲ್ಲಿ ಯಾವಾಗಲೂ ಅದೇ ಕ್ರಮ.

ನಾನು ಬೆಳೆದದ್ದು ರಾಜಾಜಿನಗರದ ಒಂದು ಇಳಿಜಾರು ರಸ್ತೆಯ ಬಾಡಿಗೆ ಮನೆಯಲ್ಲಿ. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆ, ಅದರ ಹಿಂದೆ ನಾವು ಮಲಗುವ ಕೋಣೆ, ಕೊನೆಗೆ ಹೊಗೆ ಹಿಡಿದ ಗೋಡೆಯ ಅಡುಗೆಮನೆ. ಕೆಂಪು ಗಾರೆಯ ನೆಲ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು, ಮಧ್ಯಾಹ್ನ ಅದಕ್ಕೆ ಕೆನ್ನೆ ಒತ್ತಿ ಮಲಗಿದರೆ ಬೀದಿಯಲ್ಲಿ ಹೋಗುವ ಬಸ್ಸಿನ ಗುಡುಗು ದವಡೆಗೆ ಬರುತ್ತಿತ್ತು. ಮುಂದಿನ ಕೋಣೆಯನ್ನು ಮನೆ ಅನ್ನುವಂತಿರಲಿಲ್ಲ. ಕಿಟಕಿಯಡಿ ಅಪ್ಪನ ಉದ್ದನೆಯ ಮೇಜು, ಅದರ ಮೇಲೆ ಬಗ್ಗಿದ ಕತ್ತಿನ ದೀಪ, ಗೋಡೆಯುದ್ದಕ್ಕೂ ಹೊಟ್ಟೆ ಬಗೆದ ಟೀವಿಗಳು, ಪೀಣ್ಯದ ಕಾರ್ಖಾನೆಗಳಿಂದ ಗೋಣಿಚೀಲದಲ್ಲಿ ಸುತ್ತಿಕೊಂಡು ಬರುತ್ತಿದ್ದ, ಮೆಷಿನ್ನುಗಳ ಹಸಿರು ಸರ್ಕ್ಯೂಟ್ ಬೋರ್ಡುಗಳು. ಅಪ್ಪ ಮೊದಲು ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಅದು ಮುಚ್ಚಿದ ಮೇಲೆ ಈ ಮೇಜಿನ ಮುಂದೆ ಕೂತರು. ಬನಿಯನ್ನು, ಹೆಗಲ ಮೇಲೊಂದು ಚೌಕದ ಟವಲು. ಅವರನ್ನು ಆ ಸುತ್ತಿನಲ್ಲಿ ಬೋರ್ಡ್ ಶಿವಣ್ಣ ಅಂತಲೇ ಕರೆಯುತ್ತಿದ್ದರು. ಅಮ್ಮ ಒಳಗೆ ಬಸ್ಸಾರಿಗೆ ಒಗ್ಗರಣೆ ಹಾಕಿದರೆ ಬೆಳ್ಳುಳ್ಳಿಯ ಘಮ ಹೊರಗೆ ಬರುತ್ತಿತ್ತು, ಅಪ್ಪ ಐರನ್ ತಾಗಿಸಿದರೆ ರಾಳದ ಹೊಗೆ ಒಳಗೆ ಹೋಗುತ್ತಿತ್ತು. ಎರಡೂ ನಡುವಿನ ಕೋಣೆಯಲ್ಲಿ ಕಲೆಯುತ್ತಿದ್ದವು, ನನ್ನ ಪುಸ್ತಕಗಳ ಹತ್ತಿರ. ನನ್ನ ಶಾಲೆಯ ಯೂನಿಫಾರ್ಮಿಗೂ ಆ ಮಿಶ್ರಣವೇ ಮೆತ್ತಿರುತ್ತಿತ್ತು.

ಅಪ್ಪನ ಕೆಲಸದಲ್ಲಿ ಒಂದು ಹಟವಿತ್ತು. ಬೋರ್ಡಿನ ಮೇಲೆ ಸಾಲುಗಾಲುಗಳ ಕಪ್ಪು ಜರಿಹುಳದ ಹಾಗೆ ಕೂತಿರುತ್ತದಲ್ಲ, ಐಸಿ, ಅದು ಸುಟ್ಟುಹೋದರೆ ಉಳಿದವರೆಲ್ಲ ಹಳೆಯದನ್ನು ಕಿತ್ತು ಹೊಸದನ್ನು ನೇರವಾಗಿ ಬೆಸೆದು ಕಳಿಸಿಬಿಡುತ್ತಿದ್ದರು. ಅಪ್ಪ ಹಾಗೆ ಮಾಡುತ್ತಿರಲಿಲ್ಲ. ಸತ್ತ ಐಸಿಯ ಒಂದೊಂದು ಕಾಲನ್ನೂ ಬಿಸಿ ಮಾಡಿ, ಕರಗಿದ ಸೀಸವನ್ನು ಪಂಪಿನಿಂದ ಚಟ್ ಎಂದು ಹೀರಿ, ತೂತುಗಳನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಆ ಜಾಗಕ್ಕೆ ಮೊದಲು ಒಂದು ಖಾಲಿ ಸಾಕೆಟ್ ಬೆಸೆಯುತ್ತಿದ್ದರು. ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಅದಕ್ಕೆ ಐಸಿ ಬೇಸ್ ಅನ್ನುತ್ತಾರೆ. ಪುಟಾಣಿ ಏಣಿಯ ಹಾಗಿರುತ್ತದೆ. ಅದು ತಣ್ಣಗಾದ ಮೇಲೆ ಹೊಸ ಐಸಿಯನ್ನು ಅದರ ಮೇಲಿಟ್ಟು ಎರಡೂ ಹೆಬ್ಬೆರಳಿನಿಂದ ಒತ್ತಿದರೆ ಕರಕ್ಕೆಂದು ಕೂರುತ್ತಿತ್ತು. ಇನ್ನೊಮ್ಮೆ ಕೆಟ್ಟರೆ ಬೆಂಕಿಯ ಕೆಲಸವೇ ಇಲ್ಲ, ಎತ್ತಿ ತೆಗೆದು ಇನ್ನೊಂದು ಕೂರಿಸಿದರಾಯಿತು. ಗಿರಾಕಿಗಳಿಗೆ ಇದು ಅರ್ಥವಾಗುತ್ತಿರಲಿಲ್ಲ. “ಹಿಂಗ್ ಮಾಡಿದ್ರೆ ಮುಂದಿನ್ಸಲ ನಮ್ ಹುಡುಗ್ರೇ ಚೇಂಜ್ ಮಾಡ್ಕೋತಾರೆ ಶಿವಣ್ಣ, ನಿಮ್ಮತ್ರ ಯಾಕ್ ಬರ್ತೀವಿ?” ಅಂದರೆ ಅಪ್ಪ ತಲೆಯೆತ್ತದೆ, “ಬರ್ಬೇಡಿ. ಬೋರ್ಡು ಎಷ್ಟು ಸಲ ಅಂತ ಸುಡಿಸ್ಕೊಳುತ್ತೆ?” ಅನ್ನುತ್ತಿದ್ದರು. ಊರಿಗೆಲ್ಲ ಉಪಕಾರ ಮಾಡೋಕೇ ಹುಟ್ಟಿದಾರೆ ಅಂತ ಅಮ್ಮ ಒಳಗಿನಿಂದ ಗೊಣಗುತ್ತಿದ್ದಳು.

ಆ ಸಾಕೆಟ್ಟುಗಳು ಇರುತ್ತಿದ್ದುದು ಒಂದು ತಗಡಿನ ಬಿಸ್ಕತ್ತಿನ ಡಬ್ಬದಲ್ಲಿ. ಆ ಡಬ್ಬ ನನ್ನದು. ಅಂದರೆ, ಅಪ್ಪನ ಬಲಗಡೆ ಒಂದು ಮರದ ಸ್ಟೂಲಿತ್ತು, ಅದರ ಮೇಲೆ ಕೂತು ಡಬ್ಬ ತೊಡೆಯ ಮೇಲಿಟ್ಟುಕೊಂಡು, ಅಪ್ಪ ಕೈಚಾಚಿದಾಗ ಬೇಕಾದ ಅಳತೆಯದನ್ನು ಅಂಗೈಗೆ ಹಾಕುವುದು ನನ್ನ ಕೆಲಸ. ಸಾಕೆಟ್ಟಿನ ಒಂದು ತುದಿಯಲ್ಲಿ ಅರ್ಧಚಂದ್ರದಂಥ ಸಣ್ಣ ಕಚ್ಚು ಇರುತ್ತದೆ, ಐಸಿಗೂ ಇರುತ್ತದೆ. ಎರಡೂ ಒಂದೇ ಕಡೆ ಮುಖ ಮಾಡಿರಬೇಕು, ತಿರುವುಮುರುವಾದರೆ ಐಸಿ ಸುಟ್ಟುಹೋಗುತ್ತದೆ. ಇದನ್ನು ಅಪ್ಪ ನನಗೆ ಕಲಿಸಿದಾಗ ನಾನಿನ್ನೂ ಮಗ್ಗಿಯನ್ನು ಪೂರ್ತಿ ಕಲಿತಿರಲಿಲ್ಲ. ಶಾಲೆಯಿಂದ ಬಂದು ಚೀಲ ಬಿಸಾಕಿ ಆ ಸ್ಟೂಲು ಹತ್ತಿದರೆ ಅಮ್ಮ ಊಟಕ್ಕೆ ಕೂಗುವ ತನಕ ಇಳಿಯುತ್ತಿರಲಿಲ್ಲ. ಅಪ್ಪ ಹೆಚ್ಚು ಮಾತಾಡುವವರಲ್ಲ. ಆದರೆ ಅವರ ಮೊಣಕೈ ನನ್ನ ಭುಜಕ್ಕೆ ತಾಗುತ್ತಿತ್ತು, ಐರನ್ನಿನ ಬಿಸಿ ಕೆನ್ನೆಗೆ ಹಿತವಾಗಿ ಬರುತ್ತಿತ್ತು, ಬೋರ್ಡು ಸರಿಹೋಗಿ ಅದರ ಕೆಂಪು ದೀಪ ಹತ್ತಿಕೊಂಡಾಗ ಅವರು ಮೊದಲು ನೋಡುತ್ತಿದ್ದುದು ನನ್ನ ಮುಖವನ್ನು. ಒಂದು ಮಗುವಿಗೆ ಇನ್ನೇನು ಬೇಕು ಹೇಳಿ.

ಆಮೇಲೆ ಉಲ್ಲಾಳದಿಂದ ಸುಮಿತ್ರಕ್ಕ ಬಂದಳು. ಅಪ್ಪನ ಅಣ್ಣನ ಮಗಳು. ಉಲ್ಲಾಳ ಆಗ ಹಳ್ಳಿ. ದೊಡ್ಡಪ್ಪನಿಗೆ ಅಲ್ಲಿ ರಾಗಿ ಹೊಲ, ಎಮ್ಮೆ, ಸೊಪ್ಪಿನ ಪಾತಿ ಇದ್ದವು, ಬಸ್ಸೊಂದು ಮಾತ್ರ ನೆಚ್ಚಿಕೊಳ್ಳುವಂತಿರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿ ಡಿಪ್ಲೊಮಾ ಓದಬೇಕು ಅಂದಳು, ಕಾಲೇಜು ನಮ್ಮ ಮನೆಗೆ ನಡೆದು ಹೋಗುವಷ್ಟು ಹತ್ತಿರ, ಹಾಗಾಗಿ ಒಂದು ಟ್ರಂಕು, ಒಂದು ಮೂಟೆ ರಾಗಿ ಮತ್ತು ಎಮ್ಮೆ ತುಪ್ಪದ ಡಬ್ಬದ ಜೊತೆ ಅವಳನ್ನು ನಮ್ಮ ಮನೆಯಲ್ಲಿ ಬಿಟ್ಟು ದೊಡ್ಡಪ್ಪ ಹೊರಟುಹೋದರು. ಉದ್ದ ಜಡೆ, ಉದ್ದ ಬೆರಳು, ಸಿಟ್ಟೇ ಬರದ ಮುಖ. ನಾನು ಅವಳನ್ನು ಮೊದಲ ವಾರ ಇಷ್ಟಪಟ್ಟೆ ಅಂತ ಹೇಳಲೇಬೇಕು. ನನ್ನ ಕೂದಲಿನ ಸಿಕ್ಕನ್ನು ಅವಳು ಅಮ್ಮನಿಗಿಂತ ಮೆತ್ತಗೆ ಬಿಡಿಸುತ್ತಿದ್ದಳು. ಎರಡನೆಯ ವಾರ ಒಂದು ಸಂಜೆ ಶಾಲೆಯಿಂದ ಬಂದು ನೋಡಿದರೆ ಸ್ಟೂಲಿನ ಮೇಲೆ ಅವಳು ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವಳು ಏಳಲು ನೋಡಿದಳು, ನಿಜ. ಅಪ್ಪನೇ, “ನೀನು ಕೂತ್ಕೋ ಸುಮಿ. ಪುಟ್ಟಿ, ನೀನು ಹೋಗಿ ಓದ್ಕೋ, ಈ ಹೊಗೇಲಿ ನಿಂತ್ಕೋಬೇಡ” ಅಂದರು. ಅಷ್ಟು ದಿನ ಇಲ್ಲದ ಹೊಗೆ ಅವತ್ತು ಎಲ್ಲಿಂದ ಬಂತು? ನಾನು ನಡುವಿನ ಕೋಣೆಗೆ ಹೋಗಿ ಪುಸ್ತಕ ಬಿಚ್ಚಿ ಕೂತೆ. ಬಾಗಿಲಿನ ಸಂದಿಯಲ್ಲಿ ಎರಡು ಬೆನ್ನು ಕಾಣುತ್ತಿದ್ದವು, ಒಂದು ಬನಿಯನ್ನು, ಒಂದು ಜಡೆ. ಅವತ್ತಿನಿಂದ ಮುಂದಿನ ವರ್ಷಗಳಲ್ಲಿ ನಾನು ನೋಡಿದ ಅಪ್ಪ ಅಂದರೆ ಆ ಬೆನ್ನು.

ಹೊಟ್ಟೆಕಿಚ್ಚಿಗೆ ಕಿವಿ ಬಹಳ ಚುರುಕು. ಅವಳು ‘ಚಿಕ್ಕಪ್ಪ’ ಅಂತ ಕರೆದರೆ ನನಗೆ ಕೊನೆಯರ್ಧವಷ್ಟೇ ಕೇಳುತ್ತಿತ್ತು. ಅಪ್ಪ ಹೊಸ ಐಸಿಯನ್ನು ಅವಳ ಮುಂದೆ ಹಿಡಿದು, “ಇದರ ನಂಬರ್ ಏನಿದೆ ಹೇಳು ನೋಡೋಣ” ಅನ್ನುತ್ತಿದ್ದರು. ಅವಳು ದೀಪದಡಿ ಓರೆಯಾಗಿಸಿಕೊಂಡು, ಅಂಕಿಗಳನ್ನು ಒಂದೊಂದಾಗಿ ಬಿಡಿಸಿ ಓದುತ್ತಿದ್ದಳು. ಶಾಲೆಯಲ್ಲಿ ಮೇಷ್ಟ್ರು ಮುದ್ದಿನ ಹುಡುಗಿಯನ್ನು ಎಬ್ಬಿಸಿ ಓದಿಸುವುದಿಲ್ಲವೇ, ಹಾಗೆ. ನನಗೂ ಅಂಕಿ ಓದಲು ಬರುತ್ತಿತ್ತು. ಅವಳಿಗಿಂತ ಜೋರಾಗಿಯೇ ಓದುತ್ತಿದ್ದೆ. ಬೋರ್ಡಿನ ದೀಪ ಹತ್ತಿಕೊಂಡರೆ ಈಗ ಅಪ್ಪ ಕೇಳುತ್ತಿದ್ದುದು ಅವಳನ್ನು, “ಬಂತಾ?” ಅಂತ. ಅವಳು, “ಬಂತು ಚಿಕ್ಕಪ್ಪ” ಅನ್ನುತ್ತಿದ್ದಳು. ಎಸ್.ಪಿ. ರೋಡಿಗೆ ಸಾಮಾನು ತರಲು ಹೋಗುವಾಗ ಮೊದಲು ನನ್ನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗುತ್ತಿದ್ದ ಅಪ್ಪ, ಅವಳು ಬಂದ ಮೇಲೆ ಸ್ಕೂಟರನ್ನೇ ಮಾರಿಬಿಟ್ಟರು. ಪೆಟ್ರೋಲಿಗೆ ಯಾರು ಸುರೀತಾರೆ ಅಂದರು. ಇಬ್ಬರೂ ಬಸ್ಸಿನಲ್ಲಿ ಹೋಗಿಬರುತ್ತಿದ್ದರು, ಅವಳ ಕೈಯಲ್ಲಿ ಚೀಲ, ಅಪ್ಪನ ಕೈ ಅವಳ ಭುಜದ ಮೇಲೆ. ರಸ್ತೆಯ ತಿರುವಿನಲ್ಲಿ ಅವರು ಹಾಗೆ ಬರುವುದನ್ನು ಗೇಟಿನ ಸರಳು ಹಿಡಿದು ನೋಡುತ್ತಿದ್ದ ನನಗೆ, ಆ ಭುಜ ಮುರಿದುಬೀಳಲಿ ಅನ್ನಿಸುತ್ತಿತ್ತು. ಅಮ್ಮನಿಗೆ ದೂರು ಕೊಟ್ಟರೆ, “ಪಾಪ, ಅಪ್ಪ ಅಮ್ಮನ್ನ ಬಿಟ್ಟು ಬಂದಿರೋ ಮಗು ಕಣೇ ಅದು” ಅಂದು, ಹಾಲಿನ ಕೆನೆಯನ್ನೂ ಅವಳ ಲೋಟಕ್ಕೇ ಜಾರಿಸುತ್ತಿದ್ದಳು.

ಅವಳು ಒಂದು ತಪ್ಪು ಮಾಡಲಿ ಅಂತ ನಾನು ಕಾದೆ. ಮಕ್ಕಳು ದೇವರ ಹತ್ತಿರ ಸೈಕಲ್ಲು ಕೇಳಿಕೊಳ್ಳುತ್ತಾರೆ, ನಾನು ಅದನ್ನು ಕೇಳಿಕೊಳ್ಳುತ್ತಿದ್ದೆ. ಒಂದು ದಿನ ಅದು ಆಗಿಯೇ ಹೋಯಿತು. ಪೀಣ್ಯದಲ್ಲಿ ಪ್ಲಾಸ್ಟಿಕ್ ಬಕೆಟ್ ಮಾಡುವ ಕಾರ್ಖಾನೆಯೊಂದರ ಬೋರ್ಡನ್ನು ಅಪ್ಪ ರಿಪೇರಿ ಮಾಡಿ ಕಳಿಸಿ ಕೆಲವು ತಿಂಗಳಾಗಿದ್ದವು. ಅಷ್ಟು ದಿನವೂ ಅದು ಚೆನ್ನಾಗಿಯೇ ಓಡಿತ್ತು. ಆಮೇಲೆ ಅದೇ ಐಸಿ ಮತ್ತೆ ಹೋಯಿತು. ಸಾಕೆಟ್ ಇದೆಯಲ್ಲ ಅಂತ ಅವರ ಎಲೆಕ್ಟ್ರಿಷಿಯನ್ನೇ ಹೊಸದೊಂದು ತಂದು, ಸಾಕೆಟ್ಟಿನ ಕಚ್ಚು ನೋಡಿ ಸರಿಯಾಗಿಯೇ ಕೂರಿಸಿ ಸ್ವಿಚ್ ಹಾಕಿದ. ಹೊಗೆ ಎದ್ದಿತು. ಅದರ ಜೊತೆಗೆ ಅಕ್ಕಪಕ್ಕದ ಇನ್ನಷ್ಟು ಸಾಮಾನು ಸುಟ್ಟವು. ಆಗಿದ್ದಿಷ್ಟೇ, ಸಾಕೆಟ್ಟನ್ನೇ ತಿರುಗಿಸಿ ಬೆಸೆಯಲಾಗಿತ್ತು. ಸಾಕೆಟ್ ಹೇಗೆ ಕೂತರೂ ಅದಕ್ಕೇನೂ ಆಗುವುದಿಲ್ಲ, ಮೇಲೆ ಕೂರುವ ಐಸಿ ಸರಿಯಾಗಿದ್ದರೆ ಸಾಕು, ಮೊದಲ ಸಲ ಅದು ಸರಿಯಾಗಿಯೇ ಇತ್ತು. ಆದರೆ ಬೋರ್ಡಿನ ಮೇಲಿನ ಬಿಳಿ ಗುರುತು ಸಾಕೆಟ್ಟಿನ ಅಡಿಯಲ್ಲಿ ಮುಚ್ಚಿಹೋಗುತ್ತದೆ, ಆಮೇಲೆ ಬರುವವನು ಸಾಕೆಟ್ಟಿನ ಕಚ್ಚನ್ನೇ ನಂಬಬೇಕು. ನಂಬಿದವನ ಕೈ ಸುಟ್ಟಿತು. ಮುಂದಿನವರಿಗೆ ಸುಲಭವಾಗಲಿ ಅಂತಲೇ ಸಾಕೆಟ್ ಹಾಕುತ್ತಿದ್ದ ಮನೆಯಿಂದ ಅಂಥ ಬೋರ್ಡು ಹೋಗಿತ್ತು.

ಕಾರ್ಖಾನೆಯ ಯಜಮಾನರು ಚಪ್ಪಲಿ ಬಿಡದೆ ಒಳಗೆ ಬಂದು ಆ ಬೋರ್ಡನ್ನು ಮೇಜಿನ ಮೇಲೆ ಕುಕ್ಕಿದರು. “ಯಾರ್ರೀ ಇದನ್ನ ಹಾಕಿದ್ದು? ಮೆಷಿನ್ ನಿಂತೋಗಿದೆ ಅಲ್ಲಿ!” ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ನಾನು ನಡುಬಾಗಿಲಲ್ಲಿ ನಿಂತಿದ್ದೆ. ಸುಮಿತ್ರಕ್ಕ ಸ್ಟೂಲಿನಿಂದ ಎದ್ದು ಗೋಡೆಗೆ ಒರಗಿದ್ದಳು, ಮುಖ ಬಿಳಿಚಿಕೊಂಡಿತ್ತು. ನನ್ನ ಎದೆ ಹಬ್ಬದ ತಮಟೆಯ ಹಾಗೆ ಬಡಿಯುತ್ತಿತ್ತು. ಮುಗಿಯಿತು, ಇವಳಿನ್ನು ಉಲ್ಲಾಳಕ್ಕೆ, ಸ್ಟೂಲಿನ್ನು ನನಗೆ. ಅಪ್ಪ ಬೋರ್ಡನ್ನು ಕೈಗೆತ್ತಿಕೊಂಡು, ಅವಸರವಿಲ್ಲದೆ ಸಾಕೆಟ್ಟಿನ ಒಂದು ತುದಿಯ ಮೇಲೆ ಹೆಬ್ಬೆರಳಿನ ಉಗುರು ಆಡಿಸಿದರು, ಆಮೇಲೆ ಇನ್ನೊಂದು ತುದಿಯ ಮೇಲೆ. ಅಲ್ಲಿ ಉಗುರು ತಡೆಯಿತು. “ನಾನೇ ಹಾಕಿದ್ದು” ಅಂದರು. “ತಿರುಗಿಬಿಟ್ಟಿದೆ. ತಪ್ಪಾಯ್ತು ಯಜಮಾನ್ರೇ, ಪೂರ್ತಿ ನಾನೇ ಸರಿ ಮಾಡ್ಕೊಡ್ತೀನಿ.” ಸುಮಿತ್ರಕ್ಕ ಏನೋ ಹೇಳಲು ಬಾಯಿ ತೆರೆದಳು. ಅಪ್ಪ ಅವಳ ಕಡೆ ಕೈ ಎತ್ತಿ ತಡೆದರು.

ಅಪ್ಪ ಸುಳ್ಳು ಹೇಳುತ್ತಿದ್ದಾರೆ ಅನ್ನುವುದರಲ್ಲಿ ಮನೆಯಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಬೋರ್ಡ್ ಶಿವಣ್ಣ ಸಾಕೆಟ್ ತಿರುಗಿಸಿ ಹಾಕುವುದೆಂದರೇನು? ಕಲಿಯುವ ಹುಡುಗಿಯದೇ ಕೈ ಅದು. “ಆ ಮಗು ಮಾಡಿದ್ದನ್ನ ಮೈಮೇಲೆ ಹಾಕ್ಕೊಂಡ್ರು ನೋಡು ನಿಮ್ಮಪ್ಪ” ಅಂತ ಅಮ್ಮ ಹೆಮ್ಮೆಯಿಂದ ಹೇಳಿದಳು. ದೊಡ್ಡಪ್ಪ ವಿಷಯ ತಿಳಿದು ಬಂದು ಮಗಳಿಗೆ ನಾಲ್ಕು ಬೈದು ಹೋದರು. ಅವಳು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ನಾನು ಮಾತ್ರ ಒಳಗೊಳಗೇ ಬೆಂದುಹೋದೆ. ಅದೇ ವರ್ಷ ನಾನು ಚೆಂಡು ಹೊಡೆದು ಎದುರುಮನೆಯ ಕಿಟಕಿಯ ಗಾಜು ಒಡೆದಾಗ, ನನ್ನ ಕಿವಿ ಹಿಡಿದು ಅವರ ಬಾಗಿಲಿಗೆ ಕರೆದುಕೊಂಡು ಹೋಗಿ, “ಹೇಳು, ನೀನೇ ಒಡೆದದ್ದು ಅಂತ” ಅಂದಿದ್ದರು ಇದೇ ಅಪ್ಪ. ನನಗಾಗಿ ಅವರು ಒಂದು ಸಣ್ಣ ಸುಳ್ಳನ್ನೂ ಹೇಳಿದವರಲ್ಲ. ಅವಳಿಗಾಗಿ ಇಡೀ ಪೀಣ್ಯದ ಮುಂದೆ ಹೆಸರು ಕೆಡಿಸಿಕೊಂಡರು. ಅವತ್ತಿನಿಂದ ಸ್ಟೂಲು ಮೇಜಿಗೆ ಇನ್ನಷ್ಟು ಹತ್ತಿರ ಸರಿಯಿತು. ಅಪ್ಪ ಒಬ್ಬರೇ ಐರನ್ ಹಿಡಿದದ್ದನ್ನು ಆಮೇಲೆ ನಾನು ಕಾಣಲಿಲ್ಲ. ಅವಳು ಕಾಲೇಜಿನಿಂದ ಬರುವ ತನಕ ಬೋರ್ಡುಗಳು ಹಾಗೇ ಕಾಯುತ್ತಿದ್ದವು, ಅಪ್ಪ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿರುತ್ತಿದ್ದರು.

ಆ ಮನೆ ಈಗಿಲ್ಲ. ಅದನ್ನು ಕೆಡವಿ ಕಟ್ಟಿದ ಕಟ್ಟಡದ ಕೆಳಗೆ ಚಿನ್ನದ ಅಂಗಡಿ ಬಂದಿದೆ. ನಮ್ಮ ಮುಂದಿನ ಕೋಣೆ ಇದ್ದ ಜಾಗದಲ್ಲಿ ಗಾಜಿನ ಬಾಗಿಲು ತೆಗೆಯಲು ಒಬ್ಬ ಸಮವಸ್ತ್ರದ ಮನುಷ್ಯ ನಿಂತಿರುತ್ತಾನೆ. ಬಸ್ಸಾರಿನ ಮನೆ, ರಾಳದ ಮನೆ, ಎರಡರ ವಾಸನೆಯೂ ಅಲ್ಲಿ ಇಲ್ಲ, ಎಸಿಯ ತಂಪು ಗಾಳಿಯಷ್ಟೇ ಫುಟ್‌ಪಾತಿಗೆ ಸೋರುತ್ತದೆ. ನಾವು ಕೆಂಗೇರಿಗೆ ಹೋದೆವು. ಅಲ್ಲಿಗೆ ಹೋದ ಮೇಲೆ ಅಪ್ಪ ಮೇಜನ್ನೇ ಹಾಕಲಿಲ್ಲ. ಈಗಿನ ಬೋರ್ಡುಗಳಲ್ಲಿ ರಿಪೇರಿ ಮಾಡೋಕೆ ಏನಿದೆ, ಎಲ್ಲ ಸಾಸಿವೆ ಕಾಳಿನಷ್ಟು ಪಾರ್ಟುಗಳು ಅನ್ನುತ್ತಿದ್ದರು. ಸುಮಿತ್ರಕ್ಕ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ, ಮದುವೆಯಾಗಿ, ಲಗ್ಗೆರೆಯಲ್ಲಿ ತನ್ನದೇ ರಿಪೇರಿ ಅಂಗಡಿ ಹಾಕಿದಳು. ನಾನು ಓದಿ ವಿಮಾ ಕಚೇರಿಯಲ್ಲಿ ಗುಮಾಸ್ತೆಯಾದೆ. ಓದ್ಕೋ ಹೋಗು ಅಂದಿದ್ದರಲ್ಲ. ನನ್ನ ಮದುವೆಯಾಗಿ ಕೆಲವು ವರ್ಷಕ್ಕೆ ಅಪ್ಪನಿಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ ಅಂತ ತಿಳಿಯಿತು, ಆಮೇಲೆ ಕಾಲಿಗೆ, ಆಮೇಲೆ ಎಲ್ಲದಕ್ಕೂ. ಅವರು ಹೋದ ದಿನ ಕೆಂಗೇರಿಯ ಮನೆಯ ಮುಂದೆ ಶಾಮಿಯಾನದಡಿ ಪೀಣ್ಯದ ಹಳೆಯ ಗಿರಾಕಿಗಳು ಸಾಲಾಗಿ ಬಂದರು. ನಾನು ಬಾಗಿಲಲ್ಲೇ ಕೂತಿದ್ದೆ. ಅವರು ನನ್ನನ್ನು ದಾಟಿ ಹೋಗಿ, ಸುಮಿತ್ರಕ್ಕನ ಮುಂದೆ ಕೈಮುಗಿದು, “ನೀವು ಶಿವಣ್ಣೋರ ಮಗಳಲ್ವೇನಮ್ಮ? ಚೆನ್ನಾಗಿ ನೋಡ್ಕೊಂಡ್ರಿ ಅವರನ್ನ” ಅಂದರು. ಅವಳು ನನ್ನ ಕಡೆ ತೋರಿಸಿದಳು, ನಿಜ. ಅವರು ಒಮ್ಮೆ ನೋಡಿ ಮತ್ತೆ ಅವಳ ಕಡೆಗೇ ತಿರುಗಿದರು. ಅವತ್ತಿನಿಂದ ನಾನು ಲಗ್ಗೆರೆಯ ಕಡೆ ಕಾಲಿಡಲಿಲ್ಲ. ಮದುವೆ ಮುಂಜಿಗಳಲ್ಲಿ ಸಿಕ್ಕರೆ ಚೆನ್ನಾಗಿದೀಯಾ, ಚೆನ್ನಾಗಿದೀನಿ, ಅಷ್ಟೇ.

ಈಗ ಲಿಫ್ಟಿನ ವಿಷಯ. ಆ ಮೆಕ್ಯಾನಿಕ್ ಕೊನೆಗೆ ಐರನ್ ಆಫ್ ಮಾಡಿ, “ಇದು ನನ್ ಕೈಲಾಗಲ್ಲ ಆಂಟಿ. ಹಳೇ ಮಾಡೆಲ್ಲು, ಹೊಸ ಬೋರ್ಡ್ ಸಿಗಲ್ಲ. ಲಗ್ಗೆರೇಲಿ ಒಬ್ರು ಮೇಡಂ ಇದಾರೆ, ಸುಮಿತ್ರಾ ಮೇಡಂ ಅಂತ, ಅವರೇ ಆಗ್ಬೇಕು” ಅಂದ. ನಾಲ್ಕನೆಯ ಮಹಡಿಯ ಅಜ್ಜಿ ಆಸ್ಪತ್ರೆಗೆ ಹೋಗಲಾರದೆ ಮೇಲೆಯೇ ಉಳಿದಿದ್ದರು. ಆ ಸುಮಿತ್ರಾ ಮೇಡಂ ನಿನ್ನ ಸಂಬಂಧಿ ಅಲ್ವಾ ಅಂತ ನನ್ನ ಗಂಡನೇ ಎಲ್ಲರ ಮುಂದೆ ಬಾಯಿಬಿಟ್ಟರು. ಮರುದಿನ ಕಚೇರಿಗೆ ರಜೆ ಹಾಕಿ, ಬೋರ್ಡನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಲಗ್ಗೆರೆಗೆ ಹೋದೆ. ಕೆಳಗೆ ಗಾರ್ಮೆಂಟ್ಸ್, ಪಕ್ಕದಲ್ಲಿ ಲೇತ್ ಮೆಷಿನ್ನಿನ ಕಿರುಚಾಟ, ಮೇಲೆ ಅವಳ ಅಂಗಡಿ. ಮೆಟ್ಟಿಲಿನಲ್ಲೇ ರಾಳದ ವಾಸನೆ ಇಳಿದು ಬಂತು. ಜಡೆ ಈಗ ತುರುಬಾಗಿ ಬೆಳ್ಳಗಾಗಿತ್ತು, ಮುಖ ಮಾತ್ರ ಇನ್ನೂ ಸಿಟ್ಟು ಮಾಡಿಕೊಳ್ಳಲು ಕಲಿತಿರಲಿಲ್ಲ. “ಬಾ ನಳಿನಿ” ಅಂದಳು, ಬಿಟ್ಟ ವರ್ಷಗಳ ಲೆಕ್ಕ ಕೇಳದೆ. ಟೀ ತರಿಸಿದಳು. ಬೋರ್ಡನ್ನು ಭೂತಗನ್ನಡಿಯ ಕೆಳಗಿಟ್ಟು ನೋಡಿ, ಮೀಟರಿನ ತಂತಿಯ ಮೊನೆಗಳನ್ನು ಅಲ್ಲಿಲ್ಲಿ ತಾಗಿಸಿ, ಒಂದು ಐಸಿಯನ್ನು ಕಿತ್ತು, ತೂತುಗಳನ್ನು ತೊಳೆದು, ಸಾಕೆಟ್ ಕೈಗೆತ್ತಿಕೊಂಡಳು. ಬೆಸೆಯುವ ಮೊದಲು ಅದರ ತುದಿಗೆ ಹೆಬ್ಬೆರಳಿನ ಉಗುರು ಆಡಿಸಿದಳು.

ನನಗೆ ರೇಗಿತು. ಅಪ್ಪನ ಮೂಗು ನನಗೆ ಬಂದಿದೆ, ಅಪ್ಪನ ಸಕ್ಕರೆ ಬಂದಿದೆ, ಅಪ್ಪನ ಕೈ ಮಾತ್ರ ಇವಳಿಗೆ ಹೋಗಿದೆ. “ಅದು ಅಪ್ಪನ ಅಭ್ಯಾಸ” ಅಂದೆ.

“ಹೂಂ. ಕಣ್ಣಿಗೆ ಕಾಣ್ದೇ ಇರೋವ್ರ ಅಭ್ಯಾಸ. ನಂಗೂ ಹಂಗೇ ಹತ್ಕೊಂಡ್ಬಿಡ್ತು.”

“ಅಪ್ಪಂಗೆ ಆಗ ಕಣ್ಣು ಚೆನ್ನಾಗಿತ್ತಲ್ಲ. ನಿನ್ನ ತಪ್ಪನ್ನ ತಮ್ಮ ಮೇಲೆ ಹಾಕ್ಕೊಂಡು, ಅಷ್ಟು ಜನರ ಮುಂದೆ ಸುಳ್ಳು ಹೇಳಿದ್ರಲ್ಲ ಸುಮಕ್ಕ ನಿನಗೋಸ್ಕರ, ಆ ಬಕೆಟ್ ಫ್ಯಾಕ್ಟರಿ ಬೋರ್ಡಿನ ದಿನ, ಅವತ್ತೂ ಹಿಂಗೇ ಉಗುರಾಡಿಸಿ ನೋಡಿದ್ರು.” ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತು, ಉಗಿದಾಗ ಸಣ್ಣದಾಗಿ ಕಂಡಿತು.

ಅವಳು ಐರನ್ನನ್ನು ಸ್ಟ್ಯಾಂಡಿಗೆ ಹಾಕಿದಳು. “ಸುಳ್ಳಲ್ಲ ಕಣೇ. ಅದನ್ನ ಅವ್ರೇ ಹಾಕಿದ್ದು.”

ನಾನು ಟೀ ಲೋಟ ಕೆಳಗಿಟ್ಟೆ. ಅವಳು ಬೋರ್ಡನ್ನೇ ನೋಡುತ್ತ, ನಿಧಾನವಾಗಿ ಹೇಳಿದಳು. ನಾನು ಸ್ಟೂಲು ಕಳೆದುಕೊಂಡ ಆ ವರ್ಷವೇ ಅಪ್ಪನ ಕಣ್ಣಿನ ನಡುವೆ ಮಬ್ಬು ಬರಲು ಶುರುವಾಗಿತ್ತಂತೆ. ಸುತ್ತಲಿನದು ಕಾಣುತ್ತಿತ್ತು, ನೇರ ನೋಡಿದ್ದು ಅಳಿಸಿದ ಹಾಗೆ ಕಾಣುತ್ತಿತ್ತು. ಐಸಿಯ ನಂಬರನ್ನು ಅವಳಿಂದ ಓದಿಸುತ್ತಿದ್ದುದು ಪಾಠಕ್ಕಲ್ಲ, ಸ್ಕೂಟರ್ ಮಾರಿದ್ದು ಪೆಟ್ರೋಲಿಗಲ್ಲ. ಆದರೂ ಮೊದಮೊದಲು ಅವಳಿಗೂ ಅವರು ಹೇಳಿರಲಿಲ್ಲ, ಕಲಿಸುವ ನೆಪದಲ್ಲೇ ಎಲ್ಲ ಸಾಗುತ್ತಿತ್ತು. ಆ ಬಕೆಟ್ ಫ್ಯಾಕ್ಟರಿಯ ಬೋರ್ಡಿಗೆ ಅವರು ಸಾಕೆಟ್ ತಿರುಗಿಸಿ ಬೆಸೆದದ್ದನ್ನು ಅವಳು ನೋಡಿದಳು. ಹಳೆಯ ಐಸಿ ಯಾವ ಕಡೆಗಿತ್ತು ಅನ್ನುವುದು ನೆನಪಿದ್ದುದರಿಂದ ಹೊಸದನ್ನು ತಾನೇ ಸರಿಯಾಗಿ ಕೂರಿಸಿ ಸುಮ್ಮನಾದಳು. “ತಿರುಗಿದೆ ಚಿಕ್ಕಪ್ಪ ಅಂತ ಹೆಂಗ್ ಹೇಳ್ಲಿ? ಹೇಳಿದ್ರೆ, ನಿಮ್ ಕಣ್ಣು ಹೋಗಿದೆ ಅಂತ ಹೇಳ್ದಂಗೆ. ನಡೀತಾ ಇದ್ಯಲ್ಲ, ನಡೀಲಿ ಅಂದ್ಕೊಂಡೆ.”

“ಅಮ್ಮಂಗೆ?”

“ಚಿಕ್ಕಮ್ಮಂಗೂ ಗೊತ್ತಿರ್ಲಿಲ್ಲ. ಆ ಯಜಮಾನ್ರು ಹೋದ್ಮೇಲೆ, ಮಾರನೇ ದಿನ ನಂಗೊಬ್ಳಿಗೇ ಹೇಳಿದ್ರು. ಕಚ್ಚು ಕಾಣ್ಸಲಿಲ್ಲ ಕಣಮ್ಮ ಅಂದ್ರು. ನಿಂಗೆ ಹೇಳ್ಲೇಬಾರ್ದು ಅಂದ್ರು. ಅವಳು ಹೆದರ್ಕೋತಾಳೆ, ಓದೋದು ಬಿಟ್ಬಿಡ್ತಾಳೆ ಅಂತ.” ಐರನ್ನಿನ ತುದಿಯನ್ನು ಒದ್ದೆ ಬಟ್ಟೆಗೆ ಒರೆಸುತ್ತ ಅಂದಳು, “ಅತ್ಬಿಟ್ರು.”

ನನ್ನ ಅಪ್ಪ ಅತ್ತದ್ದನ್ನು ನಾನು ಕಂಡವಳಲ್ಲ. ಅವರ ತಾಯಿ ಹೋದಾಗಲೂ, ನನ್ನನ್ನು ಗಂಡನ ಮನೆಗೆ ಕಳಿಸಿಕೊಡುವಾಗಲೂ ಅವರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರೇ ಹೊರತು ಅಳಲಿಲ್ಲ. ಇಷ್ಟೆಲ್ಲ ಕೇಳಿದ ಮೇಲೆ ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು ಅಂತ ನಿಮಗನ್ನಿಸಬಹುದು. ನ್ಯಾಯವಾಗಿ ನಾನು ಅವಳ ಕೈ ಹಿಡಿದುಕೊಳ್ಳಬೇಕಿತ್ತು. ನಮ್ಮ ಮನೆಯ ಅನ್ನ ಉಂಡದ್ದಕ್ಕೆ ಅವಳು ತನ್ನದಲ್ಲದ ತಪ್ಪನ್ನು ಇಷ್ಟು ವರ್ಷ ಹೊತ್ತವಳು. ಆಗಲಿಲ್ಲ. ಸ್ಟೂಲಿನ ಮೇಲಿನ ಹೊಟ್ಟೆಕಿಚ್ಚು ಎಷ್ಟೋ ವಾಸಿಯಿತ್ತು. ಅದು ಮರದ ಸ್ಟೂಲು, ಯಾರಾದರೂ ಕೂರಬಹುದು. ಇದು ಹಾಗಲ್ಲ. ನನ್ನ ಮುಂದೆ ಅವರು ಕೊನೆಯವರೆಗೂ ಗಟ್ಟಿಯಾಗಿ ನಿಂತೇ ಇದ್ದರು, ಕುಸಿದದ್ದು ಅವಳ ಮುಂದೆ.

“ಹೆಂಗೆ ಅತ್ರು?” ಅಂತ ಕೇಳಿದೆ.

“ಅದೆಲ್ಲ ಯಾಕೀಗ, ಬಿಡೇ.”

“ಹೇಳು ಸುಮಕ್ಕ. ಜೋರಾಗಿ ಅತ್ರಾ? ಕೈಯಲ್ಲಿ ಒರೆಸ್ಕೊಂಡ್ರಾ?” ಕೇಳುವಾಗ ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಹಸಿದವಳು ಇನ್ನೊಬ್ಬರ ತಟ್ಟೆ ನೋಡುವ ಹಾಗೆ ಅವಳ ಬಾಯಿಯನ್ನೇ ನೋಡುತ್ತಿದ್ದೆ.

ಅವಳು ನನ್ನ ಮುಖ ನೋಡಿ ಹೇಳಿದಳು. “ಟವಲ್ನ ಬಾಯಿಗೆ ತುರುಕ್ಕೊಂಡಿದ್ರು. ಒಳಗೆ ನೀನು ಓದ್ತಾ ಇದ್ದೆ, ನಿಂಗೆ ಕೇಳಿಸ್ಬಾರ್ದು ಅಂತ. ಆಮೇಲೆ ಸುಧಾರಿಸ್ಕೊಂಡು, ‘ತಡಿ ಸುಮಿ, ಒಂದ್ನಿಮಿಷ ಸುಮ್ನಿರು, ಪುಟ್ಟಿ ಓದೋದು ಕೇಳು’ ಅಂದ್ರು. ದಿನಾ ಕೆಲಸದ ಮಧ್ಯೆ ಹಂಗೇ ಅನ್ನೋರು. ಐರನ್ ಕೆಳಗಿಟ್ಟು, ಕಣ್ಮುಚ್ಕೊಂಡು ಕೇಳೋರು.”

ಆಗೆಲ್ಲ ನಾನು ಬೇಕೆಂದೇ ಗಂಟಲು ಕಿತ್ತುಹೋಗುವಷ್ಟು ಗಟ್ಟಿಯಾಗಿ ಓದುತ್ತಿದ್ದೆ. ಚರಿತ್ರೆ, ಭೂಗೋಳ, ಮಗ್ಗಿ, ಕೈಗೆ ಸಿಕ್ಕಿದ್ದು. ಅವಳ ಪಾಠಕ್ಕೆ ತೊಂದರೆಯಾಗಲಿ, ಅಪ್ಪ ಒಮ್ಮೆಯಾದರೂ ತಿರುಗಿ ನೋಡಲಿ ಅಂತ. ಆ ಬೆನ್ನು ಒಂದು ಸಲವೂ ತಿರುಗಿದ್ದು ನನಗೆ ನೆನಪಿಲ್ಲ. ಕೇಳುತ್ತಿದ್ದರಂತೆ. ದಿನವೂ ಕೇಳುತ್ತಿದ್ದರಂತೆ. ಅದನ್ನೂ ನನಗೆ ಅವಳೇ ಹೇಳಬೇಕಾಯಿತು.